ಶಿಫ್ಟ್ ಮುಗಿದ ಮೇಲೆ ಯಾವ ತರಗತಿ? ಅಮೆರಿಕದ ಲ್ಯಾಟಿನೋ ವಲಸಿಗರ ಮುಂದಿರುವ ಕಲಿಕೆಯ ದಾರಿಗಳು

ನಮ್ಮೂರಿನ ದಕ್ಷಿಣ ಭಾರತೀಯ ಹೋಟೆಲಿನಲ್ಲಿ ದೋಸೆ ಹುಯ್ಯುವವರು ಉಡುಪಿಯ ಕಡೆಯವರಲ್ಲ, ಗ್ವಾಟೆಮಾಲಾದವರು. ನಮ್ಮೂರು ಎಂದರೆ ಈಗ ಹದಿನಾಲ್ಕು ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿ, ಓಕ್ಲ್ಯಾಂಡಿಗೆ ಹತ್ತಿರದ ಒಂದು ಪಟ್ಟಣ. ಕಾವಲಿಗೆ ನೀರು ಚಿಮುಕಿಸಿ, ಚುಂಯ್ ಎಂದ ಮರುಕ್ಷಣವೇ ಒರೆಸಿ, ಸೌಟಿನ ತಳದಿಂದ ಹಿಟ್ಟನ್ನು ಸುತ್ತುತ್ತಾ ಅಂಚಿನವರೆಗೆ ಒಯ್ಯುವ ಅವರ ಕೈಯನ್ನು ನೋಡಿ ಊರಿನಿಂದ ಬಂದಿದ್ದ ನಮ್ಮತ್ತೆಯೇ ಸುಮ್ಮನಾಗಿದ್ದರು. ಅಮೆರಿಕದ ಭಾರತೀಯ ಹೋಟೆಲುಗಳಲ್ಲಿ ತಿಂದು ಬೆಳೆದವರಿಗೆ ಇದು ಹೊಸ ಸುದ್ದಿಯೇನಲ್ಲ. ನಮ್ಮ ಸಾಂಬಾರಿನ ಒಗ್ಗರಣೆ ಎಷ್ಟೋ ಕಡೆ ಮೆಕ್ಸಿಕೋ, ಗ್ವಾಟೆಮಾಲಾದವರ ಕೈಯಲ್ಲೇ ಸಿಡಿಯುತ್ತದೆ.

ನಾನು ಲೈಬ್ರರಿಯಲ್ಲಿ ವಯಸ್ಕರಿಗೆ ಇಂಗ್ಲಿಷ್ ಹೇಳಿಕೊಡುವ ಸ್ವಯಂಸೇವಕಿ ಎಂದು ಅವರಿಗೆ ಯಾರೋ ಹೇಳಿದ್ದರಂತೆ. ಒಂದು ಮಧ್ಯಾಹ್ನ ಪಾರ್ಸೆಲ್ ಕೊಡುವಾಗ ಏಪ್ರನ್ನಿನ ಜೇಬಿನಿಂದ ಎಣ್ಣೆ ಮೆತ್ತಿದ ಮೂರು ಕರಪತ್ರಗಳನ್ನು ತೆಗೆದು ಮುಂದಿಟ್ಟರು: ಸರ್ಕಾರಿ ಅಡಲ್ಟ್ ಸ್ಕೂಲಿನದೊಂದು, ಚರ್ಚಿನದೊಂದು, ಖಾಸಗಿ ತರಬೇತಿ ಸಂಸ್ಥೆಯದೊಂದು. ‘ಮಾಯೆಸ್ತ್ರಾ, ಇದರಲ್ಲಿ ಯಾವುದು?’ ಎಂದು ಕೇಳಿದರು. ಮಾಯೆಸ್ತ್ರಾ ಎಂದರೆ ಟೀಚರಮ್ಮ. ನಾನು ಎರಡು ಸೆಕೆಂಡೂ ಯೋಚಿಸದೆ, ‘ಅಡಲ್ಟ್ ಸ್ಕೂಲಿಗೆ ಹೋಗಿ, ಉಚಿತ’ ಎಂದೆ. ಅವರು ಸೇರಿದರು, ಮೂರು ವಾರಕ್ಕೆ ಬಿಟ್ಟರು.

ತಪ್ಪು ನನ್ನದು. ತರಗತಿ ಇದ್ದದ್ದು ಸಂಜೆ ಆರೂವರೆಯಿಂದ ಒಂಬತ್ತರವರೆಗೆ, ಹೋಟೆಲಿನಲ್ಲಿ ಕಾವಲಿಯ ಮುಂದೆ ಆರ್ಡರ್ ಚೀಟಿಗಳು ಸಾಲುಗಟ್ಟುವ ಹೊತ್ತು. ವಾರಕ್ಕೆ ನಾಲ್ಕು ಸಂಜೆ ಪಾಳಿ ಬದಲಿಸಿಕೊಂಡು ಅವರು ಕಳೆದುಕೊಂಡ ಕೂಲಿಯಲ್ಲಿ ಖಾಸಗಿ ಸಂಸ್ಥೆಯ ಮೊದಲ ಕಂತು ಕಟ್ಟಬಹುದಿತ್ತು. ಆ ಉಚಿತ ತರಗತಿ ಅವರ ಪಾಲಿಗೆ ಎಲ್ಲಕ್ಕಿಂತ ದುಬಾರಿಯಾಗಿತ್ತು. ಅದಾದ ಮೇಲೆ ಯಾರಾದರೂ ಹೀಗೆ ಕೇಳಿದರೆ ನಾನು ಶುಲ್ಕದ ಮಾತನ್ನು ಕೊನೆಗಿಡುತ್ತೇನೆ.

ಇಲ್ಲಿರುವ ಕನ್ನಡಿಗರಲ್ಲಿ ಎಷ್ಟೋ ಜನರನ್ನು ಮನೆ ಒರೆಸಲು ಬರುವವರು, ಮಗುವನ್ನು ನೋಡಿಕೊಳ್ಳುವವರು, ಅಂಗಳದ ಹುಲ್ಲು ಕತ್ತರಿಸುವವರು ಇದೇ ಪ್ರಶ್ನೆ ಕೇಳಿರುತ್ತಾರೆ. ಗೂಗಲ್ ಮಾಡಿ ಮೊದಲು ಸಿಕ್ಕಿದ ವಿಳಾಸ ಕೊಟ್ಟು ಕೈತೊಳೆದುಕೊಳ್ಳುವ ಮೊದಲು ಇದನ್ನೊಮ್ಮೆ ಓದಿ.

ಮೊದಲು ಅವರನ್ನೇ ಕೇಳಬೇಕಾದದ್ದು

ಒಂದು, ಗಡಿಯಾರ. ‘ನಿಮಗೆ ಯಾವಾಗ ಬಿಡುವು?’ ಎಂದು ಕೇಳಿದರೆ ‘ಸಂಜೆ’ ಎನ್ನುತ್ತಾರೆ, ಸಂಕೋಚಕ್ಕೆ. ‘ನಿನ್ನೆ ಎಷ್ಟು ಹೊತ್ತಿಗೆ ಎದ್ದಿರಿ, ಎಷ್ಟು ಹೊತ್ತಿಗೆ ಮನೆಗೆ ಬಂದಿರಿ’ ಎಂದು ಕೇಳಿ. ಕಟ್ಟಡ ಕೆಲಸದವರಿಗೆ ಮಳೆಗಾಲದಲ್ಲಿ ಬಿಡುವು, ತೋಟದ ಕೂಲಿಯವರಿಗೆ ಸುಗ್ಗಿ ಮುಗಿದ ಮೇಲೆ, ಹೋಟೆಲಿನವರಿಗೆ ಮಧ್ಯಾಹ್ನ ಮೂರರಿಂದ ಐದು. ತರಗತಿಗಳೋ ಬಹುಪಾಲು ಬೆಳಿಗ್ಗೆ ಅಥವಾ ಸಂಜೆ.

ಎರಡು, ಓದು. ಎಷ್ಟನೇ ತರಗತಿಯವರೆಗೆ ಮತ್ತು ಯಾವ ಭಾಷೆಯಲ್ಲಿ? ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕದ ಮೂಲದವರು, ಎಂದಕೂಡಲೇ ಮನೆಮಾತು ಸ್ಪ್ಯಾನಿಷ್ ಎಂದುಕೊಳ್ಳುತ್ತೇವೆ. ನಮ್ಮ ದೋಸೆಯವರ ಮನೆಮಾತು ಮಾಮ್, ಗ್ವಾಟೆಮಾಲಾದ ಪಶ್ಚಿಮದ ಬೆಟ್ಟಸೀಮೆಯ ಮಾಯಾ ಭಾಷೆ. ಓಕ್ಲ್ಯಾಂಡಿನಲ್ಲಿ ಮಾಮ್ ಮಾತಾಡುವವರ ದೊಡ್ಡ ಸಮುದಾಯವೇ ಇದೆ. ಅವರಿಗೆ ಸ್ಪ್ಯಾನಿಷ್ ಶಾಲೆಯಲ್ಲಿ ಹೇರಿದ ಭಾಷೆ, ಅದೂ ಮೂರನೇ ತರಗತಿಗೇ ನಿಂತದ್ದು. ಮೆಕ್ಸಿಕೋದ ವಹಾಕಾದಿಂದ ಬಂದವರಲ್ಲಿ ಮಿಶ್ಟೆಕ್, ಸಪೋಟೆಕ್ ಮನೆಮಾತಿನವರು ಬೇಕಾದಷ್ಟಿದ್ದಾರೆ. ತುಳು ಅಥವಾ ಕೊಡವ ಮನೆಮಾತಿನ ಮಗು ಕನ್ನಡ ಶಾಲೆಯ ಬೆಂಚಿನಲ್ಲಿ ಕುಳಿತ ಮೊದಲ ದಿನ ನೆನಪಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಇಂಥವರಿಗೆ ‘ಸ್ಪ್ಯಾನಿಷ್ ಅನುವಾದ ಇದೆ’ ಎಂಬ ಭರವಸೆ ಅರ್ಧ ಭರವಸೆಯಷ್ಟೆ. ಓದುಬರಹವೇ ಹಿಡಿತದಲ್ಲಿಲ್ಲದವರನ್ನು ವ್ಯಾಕರಣದ ಹಾಳೆ ತುಂಬುವ ತರಗತಿಗೆ ಕಳಿಸಿದರೆ ಎರಡನೇ ದಿನ ಹಿಂದಿನ ಸಾಲಿಗೆ, ನಾಲ್ಕನೇ ದಿನ ಮನೆಗೆ.

ಮೂರು, ಕಾಗದ. ಮುಂದಿನ ಕೆಲಸ ಕೊಡುವವನು ಏನನ್ನು ತೋರಿಸು ಎನ್ನುತ್ತಾನೆ? ಹೈಸ್ಕೂಲ್ ಪ್ರಮಾಣಪತ್ರವೇ, ಲೈಸೆನ್ಸೇ, ಸುರಕ್ಷತಾ ಕಾರ್ಡೇ, ಇಲ್ಲವೇ ನಾಲಿಗೆಯ ಮೇಲಿನ ಇಂಗ್ಲಿಷೇ? ಕೆಲವೊಮ್ಮೆ ಉತ್ತರ ‘ಏನೂ ಬೇಡ’ ಎಂದಿರುತ್ತದೆ. ಹಾಗಿದ್ದಲ್ಲಿ ಪ್ರಮಾಣಪತ್ರ ಮಾರುವವರ ಹತ್ತಿರ ಹೋಗುವುದೇ ಬೇಡ.

ಇಂಗ್ಲಿಷ್: ಶಾಲೆಯೇ, ಕಾಲೇಜೇ, ಲೈಬ್ರರಿಯೇ, ಮೊಬೈಲೇ

ಎಚ್-4 ವೀಸಾದಲ್ಲಿ ಬಂದು, ಕೆಲಸ ಮಾಡುವ ಅನುಮತಿಯಿಲ್ಲದೆ ಮನೆಯಲ್ಲಿ ಕುಳಿತಿದ್ದ ಮೊದಲ ವರ್ಷ ನಾನೂ ಅಡಲ್ಟ್ ಸ್ಕೂಲಿನ ಇಂಗ್ಲಿಷ್ ತರಗತಿಗೆ ಸೇರಿದ್ದೆ. ಸೇರುವಾಗ ಮಟ್ಟ ಅಳೆಯುವ ಪರೀಕ್ಷೆ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬಳಸುವುದು ಕಾಸಾಸ್ ಎಂಬ ಪರೀಕ್ಷೆ. ಓದುವುದನ್ನೂ ಕೇಳಿ ಗ್ರಹಿಸುವುದನ್ನೂ ಅದು ಅಳೆಯುತ್ತದೆ. ಬಿ.ಕಾಂ. ಓದಿದ್ದ ನನಗೆ ಮೇಲಿನ ತರಗತಿ ಸಿಕ್ಕಿತು, ಆದರೆ ಬಾಯಿ ಮಾತ್ರ ಬೀಗ. ನನ್ನ ಜೊತೆ ಪರೀಕ್ಷೆ ಬರೆದ, ಮೆಕ್ಸಿಕೋದ ಮಿಚೋಕಾನಿನ ಹೆಂಗಸು ಮೋಟೆಲಿನ ಕೋಣೆಗಳನ್ನು ಗುಡಿಸುವವರು. ಮ್ಯಾನೇಜರನೊಂದಿಗೆ ಇಂಗ್ಲಿಷಿನಲ್ಲೇ ಜಗಳವಾಡಿ ಬಾಕಿ ಸಂಬಳ ವಸೂಲಿ ಮಾಡಿದ್ದ ಅವರಿಗೆ ಸಿಕ್ಕಿದ್ದು ಆರಂಭದ ತರಗತಿ. ಆದ್ದರಿಂದ ಪರೀಕ್ಷೆಯ ಅಂಕವನ್ನು ಹಣೆಬರಹ ಎಂದುಕೊಳ್ಳುವುದು ಬೇಡ. ವಾರ ಕಳೆದು ಶಿಕ್ಷಕರನ್ನು ಕೇಳಿದರೆ ಬಹಳ ಸಲ ತರಗತಿ ಬದಲಿಸಿಕೊಡುತ್ತಾರೆ.

ಅಡಲ್ಟ್ ಸ್ಕೂಲನ್ನು ನಡೆಸುವುದು ಊರಿನ ಶಾಲಾ ಜಿಲ್ಲೆ. ದೊಡ್ಡ ಗುಣವೆಂದರೆ ಅನೇಕ ಕಡೆ ವರ್ಷದ ನಡುವೆಯೂ ಸೇರಬಹುದು, ನಾಲ್ಕು ವಾರ ತಪ್ಪಿಸಿ ಮತ್ತೆ ಬರಬಹುದು, ಕೆಲವು ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಉಂಟು. ದೊಡ್ಡ ದೋಷವೂ ಅದರಲ್ಲೇ ಇದೆ: ದಿನಾ ಹೊಸಬರು ಸೇರುತ್ತಿದ್ದರೆ ಪಾಠ ‘ಹಲೋ, ಮೈ ನೇಮ್ ಈಸ್’ ದಾಟುವುದೇ ಕಷ್ಟ. ಕಮ್ಯೂನಿಟಿ ಕಾಲೇಜಿನ (ಎರಡು ವರ್ಷದ ಸರ್ಕಾರಿ ಕಾಲೇಜು) ನಾನ್‌ಕ್ರೆಡಿಟ್ ತರಗತಿ, ಅಂದರೆ ಡಿಗ್ರಿಯ ಲೆಕ್ಕಕ್ಕೆ ಬಾರದ ತರಗತಿಯೂ ಕ್ಯಾಲಿಫೋರ್ನಿಯಾದಲ್ಲಿ ಉಚಿತ. ಅಲ್ಲಿ ಸೆಮಿಸ್ಟರಿನ ಶಿಸ್ತು ಹೆಚ್ಚು, ಪಾಠ ಮುಂದೆ ಸಾಗುತ್ತದೆ. ಅದಕ್ಕಿಂತ ಮುಖ್ಯವಾಗಿ ಅದೇ ಕಟ್ಟಡದಲ್ಲಿ ಮೇಲಿನ ಮೆಟ್ಟಿಲು ಕಾಣುತ್ತದೆ: ನಾಳೆ ಕ್ರೆಡಿಟ್ ಕೋರ್ಸಿಗೆ ಹೋಗಬೇಕೆಂದರೆ ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರ್, ಬಡವರಿಗೆ ಅದೂ ಮನ್ನಾ ಆಗುವ ಅವಕಾಶವಿದೆ. ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಕಾಲೇಜು ಲ್ಯಾಟಿನೋ ಬಡಾವಣೆಯಾದ ಮಿಷನ್ನಿನಲ್ಲೇ ಒಂದು ಕೇಂದ್ರ ಇಟ್ಟುಕೊಂಡಿದೆ. ಮೆಟ್ಟಿಲು ಮನೆಯ ಬಾಗಿಲಿಗೇ ಬಂದಂತೆ. ನನ್ನ ಲೆಕ್ಕದಲ್ಲಿ ಹೈಸ್ಕೂಲು ಮುಗಿಸಿ ಬಂದವರಿಗೆ, ವಯಸ್ಸು ಮೂವತ್ತರೊಳಗಿದ್ದವರಿಗೆ ಕಾಲೇಜೇ ಸರಿ. ಉಳಿದವರಿಗೆ ಅಡಲ್ಟ್ ಸ್ಕೂಲ್.

ಬೇರೆ ರಾಜ್ಯಗಳಲ್ಲಿ ಚಿತ್ರ ಬೇರೆ. ಎಷ್ಟೋ ಊರುಗಳಲ್ಲಿ ಕಾಯುವ ಪಟ್ಟಿ ಉದ್ದವಿರುತ್ತದೆ. ಮ್ಯಾಸಚೂಸೆಟ್ಸಿನ ಫ್ರಾಮಿಂಗ್‌ಹ್ಯಾಮಿನಲ್ಲಿ ಸೀಟುಗಳಿಗಿಂತ ಅರ್ಜಿಗಳೇ ಹೆಚ್ಚಾಗಿ ಲಾಟರಿ ಎತ್ತಿ ಪ್ರವೇಶ ಕೊಡುತ್ತಿದ್ದರು. ಅದರಿಂದ ಒಂದು ಉಪಕಾರವಾಯಿತು. ಸೀಟು ಸಿಕ್ಕವರನ್ನೂ ಸಿಗದವರನ್ನೂ ಅರ್ಥಶಾಸ್ತ್ರಜ್ಞರು ಹೋಲಿಸಿ ನೋಡಿದಾಗ, ತರಗತಿಗೆ ಹೋದವರ ಗಳಿಕೆ ವರ್ಷಕ್ಕೆ ಸುಮಾರು 2,400 ಡಾಲರ್ ಹೆಚ್ಚಿತ್ತು; ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಂಡವರೂ ಹೆಚ್ಚಿದ್ದರು. ಬರೀ ಇಂಗ್ಲಿಷ್ ಕಲಿತು ಏನು ಪ್ರಯೋಜನ ಎನ್ನುವವರಿಗೆ ನಾನು ಹೇಳುವುದು ಈ ಫ್ರಾಮಿಂಗ್‌ಹ್ಯಾಮಿನ ಕತೆಯನ್ನೇ.

ಲೈಬ್ರರಿ ಮತ್ತು ಚರ್ಚಿನ ತರಗತಿಗಳಲ್ಲಿ ಪ್ರಮಾಣಪತ್ರವಿಲ್ಲ, ಹೇಳಿಕೊಡುವವರು ನನ್ನಂಥ ಅರೆಬರೆ ತರಬೇತಿಯವರು. ಆದರೆ ವೇಳೆ ಹೊಂದಿಸಿಕೊಳ್ಳಬಹುದು, ಒಬ್ಬರಿಗೊಬ್ಬರು ಎದುರು ಕುಳಿತು ಕಲಿಯಬಹುದು. ಹಾಳೆ ನೋಡಿದರೆ ಬೆವರುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ನಾನು ಕಂಡಿಲ್ಲ.

ಮೊಬೈಲಿನ ವಿಷಯದಲ್ಲಿ ಎರಡು ಮಾತು ಸಾಕು. ಭಾಷೆ ಕಲಿಸುವ ಡುವೋಲಿಂಗೋ ಆ್ಯಪ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಲೂಯಿಸ್ ಫಾನ್ ಆನ್ ಗ್ವಾಟೆಮಾಲಾದವರೇ. ನಮ್ಮ ದೋಸೆಯವರಿಗೆ ಅದು ಹೆಮ್ಮೆಯ ವಿಷಯ, ಒಂದು ದಿನವೂ ತಪ್ಪದ ಮೂರು ತಿಂಗಳ ಸ್ಟ್ರೀಕ್ ತೋರಿಸುತ್ತಾರೆ. ಆದರೆ ‘ಎರಡು ದೋಸೆ, ಒಂದಕ್ಕೆ ಈರುಳ್ಳಿ ಬೇಡ’ ಎಂದು ಗಿರಾಕಿ ಹೇಳಿದರೆ ಈಗಲೂ ಮುಖ ನೋಡುತ್ತಾರೆ. ಪಾಠದ ಕ್ರಮ ಬೇಕೆನ್ನುವವರಿಗೆ ಸ್ಯಾಕ್ರಮೆಂಟೋ ಕೌಂಟಿಯ ಶಿಕ್ಷಣ ಕಚೇರಿ 2008ರಲ್ಲಿ ತೆರೆದ ಯುಎಸ್‌ಎ ಲರ್ನ್ಸ್ ಜಾಲತಾಣ ಉಚಿತ, ದಿನನಿತ್ಯದ ಸನ್ನಿವೇಶಗಳ ವಿಡಿಯೋಗಳಿವೆ. ಯಾವುದೇ ಮೊಬೈಲ್ ಪಾಠ ತರಗತಿಗೆ ಉಪ್ಪಿನಕಾಯಿ, ಅದೇ ಊಟವಾಗಬಾರದು.

ಸ್ಪ್ಯಾನಿಷಿನಲ್ಲೇ ಓದು ಮುಗಿಸುವ ದಾರಿ

‘ಮೊದಲು ಇಂಗ್ಲಿಷ್ ಬರಲಿ, ಆಮೇಲೆ ಉಳಿದದ್ದು’ ಎಂಬ ಸಲಹೆ ಕೇಳಲು ಚೆನ್ನ. ಆದರೆ ಇಂಗ್ಲಿಷ್ ಬರುವಷ್ಟರಲ್ಲಿ ನಾಲ್ಕು ವರ್ಷ ಕಳೆದು ಮಕ್ಕಳು ಹೈಸ್ಕೂಲಿಗೆ ಬಂದಿರುತ್ತಾರೆ. ಸ್ಪ್ಯಾನಿಷಿನಲ್ಲಿ ಓದಬಲ್ಲವರಿಗೆ ಎರಡು ಅಡ್ಡದಾರಿಗಳಿವೆ. ಇವು ಅಡ್ಡದಾರಿಗಳಾದರೂ ಕಾನೂನುಬದ್ಧ.

ಒಂದು, ಮೆಕ್ಸಿಕೋ ಸರ್ಕಾರದ್ದು. ವಯಸ್ಕರ ಶಿಕ್ಷಣಕ್ಕಾಗಿ 1981ರಲ್ಲಿ ಅಲ್ಲಿ ಸ್ಥಾಪಿಸಿದ ಇನೆಯಾ ಎಂಬ ಸಂಸ್ಥೆ ಅಮೆರಿಕದಲ್ಲೂ ‘ಪ್ಲಾಸಾ ಕೊಮುನಿತಾರಿಯಾ’ ಎಂಬ ಹೆಸರಿನ ಕೇಂದ್ರಗಳಿಗೆ ಪಠ್ಯ ಕೊಡುತ್ತದೆ. ಶಾಲೆ, ಚರ್ಚು, ಸಮುದಾಯ ಭವನಗಳಲ್ಲಿ ನಡೆಯುವ ಇವುಗಳ ವಿಳಾಸ ಮೆಕ್ಸಿಕೋದ ಕಾನ್ಸುಲೇಟಿನಲ್ಲಿ ಸಿಗುತ್ತದೆ. ಅಕ್ಷರಾಭ್ಯಾಸದಿಂದ ಹಿಡಿದು ಪ್ರೈಮರಿ, ಸೆಕಂಡರಿವರೆಗೆ ಕಲಿತು ಮೆಕ್ಸಿಕೋದ ಪ್ರಮಾಣಪತ್ರವನ್ನೇ ಪಡೆಯಬಹುದು. ಅಮೆರಿಕದ ಮಾಲೀಕನಿಗೆ ಆ ಕಾಗದದಿಂದ ಏನೂ ಆಗಬೇಕಾಗಿಲ್ಲ, ನಿಜ. ಆದರೆ ಜಿಇಡಿ ಎಂಬ ಹೈಸ್ಕೂಲ್ ಸಮಾನ ಪರೀಕ್ಷೆಗೆ ಕೂರುವ ಮೊದಲು ಓದಿನ ಕಾಲು ಗಟ್ಟಿಯಾಗಲು ಇದು ನೆರವಾಗುತ್ತದೆ. ಐವತ್ತೆರಡರ ವಯಸ್ಸಿನಲ್ಲಿ ಪ್ರೈಮರಿ ಪ್ರಮಾಣಪತ್ರ ಪಡೆದ ಹಲಿಸ್ಕೋದ ಒಬ್ಬ ಅಜ್ಜಿ ಅದನ್ನು ಗ್ವಾದಲೂಪೆ ಮಾತೆಯ ಪಟದ ಪಕ್ಕ ನೇತುಹಾಕಿದ್ದನ್ನು ನಾನೇ ನೋಡಿದ್ದೇನೆ. ಮಾಲೀಕರಿಗೆ ಬೇಡವಾದ ಕಾಗದವನ್ನು ಆಕೆ ಇಟ್ಟ ಜಾಗ ಅದು.

ಇನ್ನೊಂದು, ಜಿಇಡಿ. ನಮ್ಮಲ್ಲಿ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟುವುದಿದೆಯಲ್ಲ, ಹೆಚ್ಚುಕಡಿಮೆ ಅದೇ. ಎರಡನೇ ಮಹಾಯುದ್ಧದಿಂದ ಮರಳುವ ಸೈನಿಕರಿಗೆಂದು 1942ರಲ್ಲಿ ರೂಪಿಸಿದ ಪರೀಕ್ಷೆ ಇದು. ಈಗ ನಾಲ್ಕು ವಿಷಯ: ಗಣಿತ, ಭಾಷೆ, ವಿಜ್ಞಾನ, ಸಮಾಜ. ಒಂದೊಂದನ್ನೇ ಬೇರೆಬೇರೆ ದಿನ ಬರೆಯಬಹುದು, ಪ್ರತಿಯೊಂದರಲ್ಲೂ 145 ಬರಬೇಕು. ನಾಲ್ಕನ್ನೂ ಸ್ಪ್ಯಾನಿಷಿನಲ್ಲಿ ಬರೆಯಬಹುದು ಎಂಬುದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಪರೀಕ್ಷೆ ಕಂಪ್ಯೂಟರಿನಲ್ಲಿ, ಗಾರೆ ಹಿಡಿದ ಬೆರಳುಗಳಿಗೆ ಬೀಜಗಣಿತಕ್ಕಿಂತ ಮೌಸೇ ದೊಡ್ಡ ಶತ್ರು. ಅಂಥವರು ತಮ್ಮ ರಾಜ್ಯದಲ್ಲಿ ಹೈಸೆಟ್ ಎಂಬ ಪರ್ಯಾಯ ಪರೀಕ್ಷೆ ಇದೆಯೇ ಎಂದು ವಿಚಾರಿಸಬೇಕು. ಅದರಲ್ಲಿ ಐದು ಭಾಗ, ಅದೂ ಸ್ಪ್ಯಾನಿಷಿನಲ್ಲಿದೆ, ಕೆಲವು ಕೇಂದ್ರಗಳಲ್ಲಿ ಪೆನ್ಸಿಲು ಹಿಡಿದೂ ಬರೆಯಬಹುದು. ಶುಲ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ; ನ್ಯೂಯಾರ್ಕಿನಲ್ಲಿ ಜಿಇಡಿ ಉಚಿತ.

ಅಡಲ್ಟ್ ಸ್ಕೂಲಿನಲ್ಲೇ ಕ್ರೆಡಿಟ್ ಕೂಡಿಸಿ ಹೈಸ್ಕೂಲ್ ಡಿಪ್ಲೊಮಾ ಪಡೆಯುವ ಮೂರನೇ ದಾರಿಯೂ ಇದೆ. ಅದು ನಿಧಾನ, ಇಂಗ್ಲಿಷ್ ಬೇಕು. ಪರೀಕ್ಷೆ ಎಂದರೆ ಕೈಕಾಲು ತಣ್ಣಗಾಗುವವರಿಗೆ, ಊರಿನ ಹೈಸ್ಕೂಲು ಅರ್ಧ ಮುಗಿಸಿ ಅಂಕಪಟ್ಟಿ ತಂದವರಿಗೆ ಇದು ಒಳ್ಳೆಯದು. ಹಳೆಯ ಅಂಕಪಟ್ಟಿಗೆ ಹಲವು ಕಡೆ ಕ್ರೆಡಿಟ್ ಕೊಡುತ್ತಾರೆ. ಬೇಗ ಕಾಗದ ಬೇಕೆನ್ನುವವರಿಗೆ ಸ್ಪ್ಯಾನಿಷ್ ಜಿಇಡಿಯೇ ಸರಿ. ಒಂದು ಎಚ್ಚರಿಕೆ: ಸ್ಪ್ಯಾನಿಷಿನಲ್ಲಿ ಪಾಸಾದವರನ್ನೂ ಕಾಲೇಜಿನ ತರಗತಿ ಇಂಗ್ಲಿಷಿನಲ್ಲೇ ಕಾಯುತ್ತಿರುತ್ತದೆ. ಜಿಇಡಿಯ ಜೊತೆಗೆ ವಾರಕ್ಕೆರಡು ದಿನವಾದರೂ ಇಂಗ್ಲಿಷ್ ನಡೆಯುತ್ತಿರಬೇಕು.

ಕಸುಬು ಕಲಿಯುವುದಾದರೆ

ಇಲ್ಲಿ ಸಂಸ್ಥೆಗಿಂತ ಮೊದಲು ಕಸುಬನ್ನು ಹೋಲಿಸಬೇಕು, ಏಕೆಂದರೆ ಪ್ರತಿ ಕಸುಬಿಗೂ ಭಾಷೆಯ ಹೊಸ್ತಿಲು ಬೇರೆ ಎತ್ತರದಲ್ಲಿದೆ.

ಕಟ್ಟಡ ಕೆಲಸದಲ್ಲಿ ಹೊಸ್ತಿಲು ಎಲ್ಲಕ್ಕಿಂತ ತಗ್ಗು. ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಫೆಡರಲ್ ಸಂಸ್ಥೆಯಾದ ಓಶಾದ ಹತ್ತು ಗಂಟೆಯ ಕೋರ್ಸ್ ಸ್ಪ್ಯಾನಿಷಿನಲ್ಲಿ ಸಿಗುತ್ತದೆ, ಎರಡು ದಿನದ ಕೆಲಸ. ಆದರೆ ನ್ಯೂಯಾರ್ಕ್ ನಗರದಲ್ಲಿ ಅಷ್ಟು ಸಾಲದು: 2017ರ ಸ್ಥಳೀಯ ಕಾನೂನಿನ ಪ್ರಕಾರ ದೊಡ್ಡ ಕಟ್ಟಡಗಳ ಕೆಲಸಗಾರರಿಗೆ 40 ಗಂಟೆಯ ತರಬೇತಿ, ಮೇಲ್ವಿಚಾರಕರಿಗೆ 62 ಗಂಟೆ. ಐದು ವರ್ಷಕ್ಕೊಮ್ಮೆ ಕಾರ್ಡ್ ನವೀಕರಿಸಬೇಕು. ದುಡ್ಡು ಕೊಟ್ಟರೆ ತರಗತಿಗೆ ಬರದೆಯೇ ಕಾರ್ಡ್ ಎನ್ನುವವರು ಎದುರಾಗುತ್ತಾರೆ. ಏಣಿಯ ಮೇಲಿನಿಂದ ಬೀಳುವಾಗ ಆ ಕಾರ್ಡ್ ಕೈ ಹಿಡಿಯುವುದಿಲ್ಲ. ಲಾಸ್ ಏಂಜಲೀಸ್, ಸಿಯಾಟಲ್, ಮೇರಿಲ್ಯಾಂಡಿನಂಥ ಕಡೆ ದಿನಗೂಲಿಯವರ ಕಾರ್ಮಿಕ ಕೇಂದ್ರಗಳಿವೆ. ಸಿಯಾಟಲಿನ ಕಾಸಾ ಲಾತಿನಾ 1994ರಿಂದ ನಡೆದುಬಂದಿದೆ. ಕೆಲಸ ಹಂಚುವ ಜಾಗದಲ್ಲೇ ಇಂಗ್ಲಿಷ್ ಪಾಠ, ಸುರಕ್ಷತಾ ತರಬೇತಿ, ಕೂಲಿ ಕೊಡದ ಮಾಲೀಕನ ಮೇಲೆ ದೂರು ಬರೆಯುವ ನೆರವು. ಬೆಳಗಿನ ಆರು ಗಂಟೆಗೆ ಕೆಲಸಕ್ಕೆ ಕಾಯುವ ಹೊತ್ತೇ ತರಗತಿಯ ಹೊತ್ತು. ಗಡಿಯಾರದ ಪ್ರಶ್ನೆಗೆ ಇಷ್ಟು ಚೆನ್ನಾಗಿ ಉತ್ತರ ಕೊಟ್ಟ ಬೇರೆ ವ್ಯವಸ್ಥೆ ನನಗೆ ಗೊತ್ತಿಲ್ಲ.

ಯೂನಿಯನ್ನಿನ ಅಪ್ರೆಂಟಿಸ್ ಆದರೆ ಮೊದಲ ದಿನದಿಂದಲೇ ಸಂಬಳ ಪಡೆಯುತ್ತಾ ಕಲಿಯಬಹುದು. ಆದರೆ ಎಲೆಕ್ಟ್ರಿಶಿಯನ್, ಪ್ಲಂಬರ್ ಕೆಲಸಗಳಿಗೆ ಬೀಜಗಣಿತ, ಇಂಗ್ಲಿಷ್ ಎರಡೂ ಬೇಕು, ಹೈಸ್ಕೂಲ್ ಕಾಗದವೂ ಸಾಮಾನ್ಯವಾಗಿ ಬೇಕು. ಜಿಇಡಿ ಮುಗಿಸಿದ ಮೇಲಿನ ಗುರಿ ಇದು.

ಆಸ್ಪತ್ರೆಯ ಕೆಲಸದತ್ತ ಹೆಂಗಸರ ಒಲವು ಹೆಚ್ಚು. ಮೊದಲ ಮೆಟ್ಟಿಲು ನರ್ಸ್ ಏಡ್, ಅಂದರೆ ರೋಗಿಗಳ ಆರೈಕೆಯ ಸಹಾಯಕಿ. ಫೆಡರಲ್ ಕಾನೂನು ಕನಿಷ್ಠ 75 ಗಂಟೆಯ ತರಬೇತಿ ಕೇಳುತ್ತದೆ, ಕ್ಯಾಲಿಫೋರ್ನಿಯಾ 160. ಖಾಸಗಿ ಸಂಸ್ಥೆಗಳು ಇದಕ್ಕೆ ಸಾವಿರಾರು ಡಾಲರ್ ಕೇಳುವುದುಂಟು. ಕೊಡುವ ಮೊದಲು ಒಂದು ನಿಯಮ ತಿಳಿದಿರಲಿ: ಸರ್ಕಾರಿ ಆರೋಗ್ಯ ವಿಮೆಗಳಾದ ಮೆಡಿಕೇರ್, ಮೆಡಿಕೈಡ್ ಹಣ ಪಡೆಯುವ ನರ್ಸಿಂಗ್ ಹೋಮ್ ನಿಮಗೆ ಕೆಲಸ ಕೊಟ್ಟಿದ್ದರೆ ಅಥವಾ ಕೊಡುತ್ತೇನೆ ಎಂದಿದ್ದರೆ ತರಬೇತಿಯ ಖರ್ಚನ್ನು ನಿಮ್ಮಿಂದ ವಸೂಲಿ ಮಾಡುವಂತಿಲ್ಲ. ನೀವೇ ದುಡ್ಡು ಕೊಟ್ಟು ಕಲಿತು ಹನ್ನೆರಡು ತಿಂಗಳೊಳಗೆ ಅಂಥ ಕಡೆ ಕೆಲಸಕ್ಕೆ ಸೇರಿದರೆ ಖರ್ಚು ವಾಪಸ್ ಕೊಡಿಸುವ ವ್ಯವಸ್ಥೆಯನ್ನು ರಾಜ್ಯ ಮಾಡಿರಬೇಕು. ಕೇಳಿದವರಿಗೆ ಸಿಗುತ್ತದೆ, ಕೇಳದವರಿಗೆ ಯಾರೂ ಹೇಳುವುದಿಲ್ಲ.

ಆದರೆ ನರ್ಸ್ ಏಡ್ ಕೆಲಸದಲ್ಲೇ ನಿಂತರೆ ಬೆನ್ನು ನೋಯುತ್ತದೆ, ಸಂಬಳ ಏರುವುದಿಲ್ಲ. ಹಾಗಾಗಿ ಏಣಿಯ ಮುಂದಿನ ಮೆಟ್ಟಿಲು ಇರುವ ಸಂಸ್ಥೆಯೇ ಮೇಲು. ಷಿಕಾಗೋದಲ್ಲಿ 1977ರಿಂದ ಇರುವ ಇನ್‌ಸ್ತಿತುತೋ ದೆಲ್ ಪ್ರೊಗ್ರೆಸೋ ಲಾತಿನೋ ಸಂಸ್ಥೆಯ ‘ಕರ್ರೇರಾಸ್ ಎನ್ ಸಾಲುದ್’ ಅಂಥದ್ದು: ಆಸ್ಪತ್ರೆಗೆ ಬೇಕಾದ ಇಂಗ್ಲಿಷಿನಿಂದ ಶುರುವಾಗಿ ನರ್ಸ್ ಏಡ್, ಅಲ್ಲಿಂದ ಪ್ರಾಕ್ಟಿಕಲ್ ನರ್ಸ್‌ವರೆಗೆ ಮೆಟ್ಟಿಲುಗಳು. ವಾಷಿಂಗ್ಟನ್ ರಾಜಧಾನಿಯ ಕಾರ್ಲೋಸ್ ರೊಸಾರಿಯೋ ಶಾಲೆ ವಯಸ್ಕರಿಗೆಂದೇ ಇರುವ ಚಾರ್ಟರ್ ಶಾಲೆ, ಅಂದರೆ ಸರ್ಕಾರಿ ಹಣದಿಂದ ಸ್ವತಂತ್ರವಾಗಿ ನಡೆಯುವ ಶಾಲೆ. ಇಂಗ್ಲಿಷಿನ ಜೊತೆಗೆ ನರ್ಸ್ ಏಡ್, ಅಡುಗೆ, ಕಂಪ್ಯೂಟರ್ ರಿಪೇರಿ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1990ರಲ್ಲಿ ಅಲ್ಲಿನ ಲೀವೈಸ್ ಕಾರ್ಖಾನೆ ಮುಚ್ಚಿ ಸಾವಿರಕ್ಕೂ ಹೆಚ್ಚು ಮಂದಿ ಬೀದಿಗೆ ಬಿದ್ದರು, ಹೆಚ್ಚಿನವರು ಮೆಕ್ಸಿಕನ್ ಮೂಲದ ಹೆಂಗಸರು. ಚರ್ಚುಗಳನ್ನು ಕೂಡಿಸಿಕೊಂಡು ಕಟ್ಟಿದ್ದ ನಾಗರಿಕ ಸಂಘಟನೆಗಳು ಒತ್ತಡ ತಂದು 1992ರಲ್ಲಿ ಪ್ರಾಜೆಕ್ಟ್ ಕ್ವೆಸ್ಟ್ ಹುಟ್ಟುಹಾಕಿದವು. ಅದು ಪಾಠ ಹೇಳುವುದಿಲ್ಲ. ಕಾಲೇಜಿನ ಶುಲ್ಕ, ಬಸ್ಸಿನ ಖರ್ಚುಗಳಿಗೆ ನೆರವಾಗುತ್ತದೆ, ವಾರಕ್ಕೊಮ್ಮೆ ಕೂರಿಸಿಕೊಂಡು ‘ಯಾಕೆ ತರಗತಿ ತಪ್ಪಿಸಿದಿರಿ’ ಎಂದು ವಿಚಾರಿಸುತ್ತದೆ. ಲಾಟರಿಯಂತೆ ಗುಂಪು ವಿಂಗಡಿಸಿ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ, ಇದರ ನೆರವು ಪಡೆದವರ ಗಳಿಕೆ ವರ್ಷಕ್ಕೆ ಸುಮಾರು ಐದು ಸಾವಿರ ಡಾಲರ್ ಮುಂದಿತ್ತು. ಸೇರಲು ಹೈಸ್ಕೂಲ್ ಡಿಪ್ಲೊಮಾ ಅಥವಾ ಜಿಇಡಿ ಬೇಕು. ಕಸುಬು ಕಲಿಯುವವರಿಗೂ ಮೇಲಿನ ಅಡ್ಡದಾರಿ ತಪ್ಪಿದ್ದಲ್ಲ ಎನ್ನುವುದು ಇದಕ್ಕೇ.

ಇಂಗ್ಲಿಷ್ ಮತ್ತು ಕಸುಬು ಎರಡನ್ನೂ ಒಟ್ಟಿಗೇ ಕಲಿಸುವ ಪದ್ಧತಿಯೂ ಇದೆ. ವಾಷಿಂಗ್ಟನ್ ರಾಜ್ಯ 2004ರಲ್ಲಿ ಶುರುಮಾಡಿದ ಐ-ಬೆಸ್ಟ್‌ನಲ್ಲಿ ಒಂದೇ ಕೊಠಡಿಯಲ್ಲಿ ಇಬ್ಬರು ಶಿಕ್ಷಕರು: ಒಬ್ಬರು ವೆಲ್ಡಿಂಗ್ ಹೇಳಿದರೆ ಇನ್ನೊಬ್ಬರು ಅದೇ ವೆಲ್ಡಿಂಗಿನ ಇಂಗ್ಲಿಷನ್ನು ಬಿಡಿಸುತ್ತಾರೆ. ನಿಮ್ಮ ಊರಿನ ಕಾಲೇಜಿನಲ್ಲಿ ಇಂಥದ್ದಿದ್ದರೆ ಎರಡನೇ ಯೋಚನೆ ಬೇಡ.

ಸೌಂದರ್ಯ ಕಸುಬಿಗೆ ಕ್ಯಾಲಿಫೋರ್ನಿಯಾದಲ್ಲಿ 1,600 ಗಂಟೆಯ ತರಬೇತಿ ಬೇಕಿತ್ತು. 2022ರಿಂದ 1,000 ಸಾಕು, ಪರೀಕ್ಷೆಯನ್ನು ಸ್ಪ್ಯಾನಿಷಿನಲ್ಲೂ ಬರೆಯಬಹುದು. ಮಕ್ಕಳನ್ನು ನೋಡಿಕೊಳ್ಳುವವರಿಗೆ ಸಿಡಿಎ ಎಂಬ ಪ್ರಮಾಣಪತ್ರವಿದೆ: 120 ಗಂಟೆ ಪಾಠ, 480 ಗಂಟೆ ಅನುಭವ, ಇದೂ ಸ್ಪ್ಯಾನಿಷಿನಲ್ಲಿ ಸಾಧ್ಯ. ನಿಮ್ಮ ಮನೆಯ ಮಗುವಿಗೆ ಅನ್ನ ಉಣಿಸುವ ಕೈಗಳಿಗೆ ಹೇಳಬೇಕಾದದ್ದು ಇದು. ಲಾರಿ ಓಡಿಸುವ ಕನಸಿದ್ದವರಿಗೆ ಮಾತ್ರ ಮುಲಾಜಿಲ್ಲದೆ ಹೇಳಿಬಿಡಿ: ಫೆಡರಲ್ ನಿಯಮದಂತೆ ಚಾಲಕನಿಗೆ ಇಂಗ್ಲಿಷ್ ಓದಲು, ಮಾತಾಡಲು ಬರಬೇಕು, 2025ರಿಂದ ರಸ್ತೆಬದಿಯಲ್ಲೇ ಅದನ್ನು ಬಿಗಿಯಾಗಿ ಪರೀಕ್ಷಿಸುತ್ತಿದ್ದಾರೆ. ಲೈಸೆನ್ಸ್ ಶಾಲೆಗೆ ದುಡ್ಡು ಸುರಿಯುವ ಮೊದಲು ಇಂಗ್ಲಿಷ್ ತರಗತಿ.

ಖಾಸಗಿ ಸಂಸ್ಥೆಗಳ ಬಗ್ಗೆ ನನಗೆ ಪೂರ್ವಗ್ರಹವಿದೆ, ಮುಚ್ಚಿಡುವುದಿಲ್ಲ. ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬಳು ಹುಡುಗಿ ಅಂಥದ್ದೊಂದರಲ್ಲಿ ಸಾಲ ಮಾಡಿ ಮೆಡಿಕಲ್ ಅಸಿಸ್ಟೆಂಟ್ ಕೋರ್ಸ್ ಮುಗಿಸಿದಳು. ಅದರ ಕ್ರೆಡಿಟ್ಟುಗಳನ್ನು ಕಮ್ಯೂನಿಟಿ ಕಾಲೇಜು ಒಪ್ಪಲಿಲ್ಲ. ಇನ್ನೂ ಕಂತು ಕಟ್ಟುತ್ತಿದ್ದಾಳೆ. ಕ್ಯಾಲಿಫೋರ್ನಿಯಾದ ಕೊರಿಂಥಿಯನ್ ಕಾಲೇಜುಗಳ ಸಮೂಹ 2015ರಲ್ಲಿ ರಾತ್ರೋರಾತ್ರಿ ಬಾಗಿಲು ಹಾಕಿದಾಗ ಸುಮಾರು 16,000 ವಿದ್ಯಾರ್ಥಿಗಳು ಅತಂತ್ರರಾದದ್ದನ್ನು ಇಲ್ಲಿನವರು ಮರೆತಿಲ್ಲ. ಸಂಜೆ ಪಾಳಿ, ಸ್ಪ್ಯಾನಿಷ್ ಮಾತಾಡುವ ಸಿಬ್ಬಂದಿ, ಮರುದಿನವೇ ಪ್ರವೇಶ, ಇವು ಖಾಸಗಿಯವರ ಬಲ. ಸರ್ಕಾರಿ ಶಾಲೆಗಳಿಗೆ ಅದು ಯಾಕೆ ಆಗುವುದಿಲ್ಲವೋ! ಸಹಿ ಹಾಕುವ ಮೊದಲು ರಾಜ್ಯದ ಅನುಮತಿ ಇದೆಯೇ, ಲೈಸೆನ್ಸ್ ಪರೀಕ್ಷೆಯಲ್ಲಿ ಎಷ್ಟು ಮಂದಿ ಪಾಸಾಗುತ್ತಾರೆ, ಕ್ರೆಡಿಟ್ ಬೇರೆಡೆ ನಡೆಯುತ್ತದೆಯೇ ಎಂದು ಕೇಳಿ. ‘ಇವತ್ತೇ ಸೇರಿದರೆ ರಿಯಾಯಿತಿ’ ಎಂದರೆ ಎದ್ದು ಬನ್ನಿ.

ಊರಿನಲ್ಲೇ ಡಿಗ್ರಿ ಮುಗಿಸಿ ಬಂದವರು

ವೆನಿಜುವೆಲಾದ ದಂತವೈದ್ಯೆ ಮನೆ ಶುಚಿಗೊಳಿಸುತ್ತಿರುವುದು, ಕೊಲಂಬಿಯಾದ ಇಂಜಿನಿಯರ್ ಊಬರ್ ಓಡಿಸುತ್ತಿರುವುದು ಅಪರೂಪವಲ್ಲ. ಇವರನ್ನು ಆರಂಭದ ಇಂಗ್ಲಿಷ್ ತರಗತಿಗೋ ಜಿಇಡಿಗೋ ಕಳಿಸಿದರೆ ಎರಡು ವರ್ಷ ದಂಡ. ಮೊದಲು ಡಿಗ್ರಿಯ ಮೌಲ್ಯಮಾಪನ ಮಾಡಿಸಲಿ. ನಮ್ಮವರಿಗೂ ಪರಿಚಿತವಾದ ಡಬ್ಲ್ಯುಇಎಸ್ ಸಂಸ್ಥೆಯೇ ಅದನ್ನು ಮಾಡುತ್ತದೆ. ಆರೋಗ್ಯ ಕ್ಷೇತ್ರದವರಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2001ರಲ್ಲಿ ಶುರುವಾದ ವೆಲ್ಕಮ್ ಬ್ಯಾಕ್ ಕೇಂದ್ರಗಳು, ಉಳಿದ ವೃತ್ತಿಗಳವರಿಗೆ ಅಪ್‌ವರ್ಡ್ಲಿ ಗ್ಲೋಬಲ್ ದಾರಿ ತೋರಿಸುತ್ತವೆ. ಎರಡನೆಯದಕ್ಕೆ ಕೆಲಸದ ಅನುಮತಿ ಇರಲೇಬೇಕು.

ದಾಖಲೆಯ ಪ್ರಶ್ನೆ

ಯಾರೂ ಬಾಯಿಬಿಟ್ಟು ಕೇಳದ, ಎಲ್ಲರ ಗಂಟಲಿನಲ್ಲೂ ಇರುವ ಪ್ರಶ್ನೆ ಇದು. ನೀವೂ ಕೇಳಬೇಡಿ, ಯಾವ ದಾರಿಗೆ ಏನು ಬೇಕು ಎಂದು ಹೇಳಿ, ಆಯ್ಕೆ ಅವರದ್ದು. ಫೆಡರಲ್ ಹಣದ ಉದ್ಯೋಗ ತರಬೇತಿಗೆ ಕೆಲಸದ ಅನುಮತಿ ಬೇಕು. ಫೆಡರಲ್ ವಿದ್ಯಾರ್ಥಿ ನೆರವಿಗೆ ಪೌರತ್ವ ಅಥವಾ ಗ್ರೀನ್ ಕಾರ್ಡಿನಂಥ ಸ್ಥಾನಮಾನ ಬೇಕು. ಇಂಗ್ಲಿಷ್ ಮತ್ತು ಜಿಇಡಿ ತರಗತಿಗಳಲ್ಲಿ ಬಹುಪಾಲು ರಾಜ್ಯಗಳು ಇದನ್ನು ಕೇಳುತ್ತಿರಲಿಲ್ಲ. 2025ರ ಜುಲೈನಲ್ಲಿ ಫೆಡರಲ್ ಶಿಕ್ಷಣ ಇಲಾಖೆ ವಯಸ್ಕರ ಶಿಕ್ಷಣವೂ, ವಲಸಿಗರಿಗೆ ಸರ್ಕಾರಿ ಸೌಲಭ್ಯಗಳನ್ನು ಮಿತಿಗೊಳಿಸಿದ 1996ರ ಕಾಯ್ದೆಯ ನಿರ್ಬಂಧಕ್ಕೆ ಒಳಪಡುತ್ತದೆ ಎಂದು ಹೊಸ ವ್ಯಾಖ್ಯಾನ ಹೊರಡಿಸಿತು. ಕ್ಯಾಲಿಫೋರ್ನಿಯಾ ಸೇರಿ ಇಪ್ಪತ್ತು ರಾಜ್ಯಗಳು ನ್ಯಾಯಾಲಯಕ್ಕೆ ಹೋದವು, ಸೆಪ್ಟೆಂಬರಿನಲ್ಲಿ ಆ ರಾಜ್ಯಗಳ ಮಟ್ಟಿಗೆ ತಡೆಯಾಜ್ಞೆ ಬಂತು. ಹಾಗಾಗಿ ಒಂದು ರಾಜ್ಯದಲ್ಲಿ ಕೇಳಿದ ಮಾತನ್ನು ಇನ್ನೊಂದರಲ್ಲಿ ನಂಬಬಾರದು, ಕಳೆದ ವರ್ಷದ ಮಾತನ್ನು ಈ ವರ್ಷ ನಂಬಬಾರದು. ಲೈಬ್ರರಿ, ಚರ್ಚು, ಕಾರ್ಮಿಕ ಕೇಂದ್ರಗಳ ತರಗತಿಗಳಿಗೆ ಈ ರಗಳೆ ಕಡಿಮೆ. ಲೈಸೆನ್ಸಿನ ವಿಷಯದಲ್ಲಿ ಕ್ಯಾಲಿಫೋರ್ನಿಯಾ ಉದಾರ: 2014ರ ಕಾನೂನಿನಂತೆ ವೃತ್ತಿ ಮಂಡಳಿಗಳು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಬದಲಿಗೆ ತೆರಿಗೆ ಸಂಖ್ಯೆಯನ್ನು ಒಪ್ಪಬೇಕು. ಲೈಸೆನ್ಸ್ ಸಿಕ್ಕ ಮಾತ್ರಕ್ಕೆ ಕೆಲಸದ ಅನುಮತಿ ಸಿಕ್ಕಂತಲ್ಲ ಎಂಬುದನ್ನೂ ಜೊತೆಗೇ ಹೇಳಿಬಿಡಿ.

ಗ್ರೀನ್ ಕಾರ್ಡ್ ಇದ್ದು ಪೌರತ್ವಕ್ಕೆ ಹೊರಟವರಿಗೆ ಅಡಲ್ಟ್ ಸ್ಕೂಲಿನ ಪೌರತ್ವ ತರಗತಿಯೇ ಸಾಕು. 2025ರ ಅಕ್ಟೋಬರ್ 20ರಂದು ಅಥವಾ ಅದರ ನಂತರ ಅರ್ಜಿ ಹಾಕಿದವರಿಗೆ ಹೊಸ ಪರೀಕ್ಷೆ: 128 ಪ್ರಶ್ನೆಗಳ ಪಟ್ಟಿಯಿಂದ 20 ಕೇಳುತ್ತಾರೆ, 12 ಸರಿಯಿರಬೇಕು. ಹಳೆಯ ನೂರು ಪ್ರಶ್ನೆಗಳ ಪುಸ್ತಕವನ್ನು ದಾನ ಕೊಡುವವರಿಂದ ಪಡೆಯಬೇಡಿ.

ಮತ್ತೆ ಕಾವಲಿಯ ಹತ್ತಿರ

ನಮ್ಮ ದೋಸೆಯವರಿಗೆ ಕೊನೆಗೆ ಹೊಂದಿದ್ದು ಮೂರು ಕರಪತ್ರಗಳಲ್ಲಿ ಯಾವುದೂ ಅಲ್ಲ. ಹೋಟೆಲಿನಿಂದ ಲೈಬ್ರರಿಗೆ ಏಳು ನಿಮಿಷದ ನಡಿಗೆ. ಮಂಗಳವಾರ, ಗುರುವಾರ ಮಧ್ಯಾಹ್ನ ಮೂರೂಕಾಲಿಗೆ ಬರುತ್ತಾರೆ, ನಾಲ್ಕೂವರೆಗೆ ಹಿಟ್ಟು ನೋಡಲು ಓಡುತ್ತಾರೆ. ಪಠ್ಯಪುಸ್ತಕ ಬದಿಗಿಟ್ಟು ಹೋಟೆಲಿನ ಆರ್ಡರ್ ಚೀಟಿಗಳನ್ನೇ ಓದಿಸುತ್ತಿದ್ದೇನೆ. ‘ನೋ ಆನಿಯನ್’, ‘ಎಕ್ಸ್‌ಟ್ರಾ ಕ್ರಿಸ್ಪಿ’, ‘ನಟ್ ಅಲರ್ಜಿ’. ಮೊದಲು ಬಣ್ಣದ ಗುರುತಿನಿಂದ ಚೀಟಿ ಹಿಡಿಯುತ್ತಿದ್ದವರು ಈಗ ಅಕ್ಷರದ ಮೇಲೆ ಬೆರಳಿಡುತ್ತಾರೆ. ಸೋಮವಾರ ಹೋಟೆಲಿಗೆ ರಜೆ. ಅಂದು ಬೆಳಿಗ್ಗೆ ನಡೆಯುವ ಅಡಲ್ಟ್ ಸ್ಕೂಲಿನ ಆರಂಭದ ತರಗತಿಗೆ ವಾರಕ್ಕೊಂದೇ ದಿನ ಬಂದರೂ ಸೇರಿಸಿಕೊಳ್ಳುವಿರಾ ಎಂದು ನಾನೇ ಹೋಗಿ ಕೇಳಿದೆ. ಕೌಂಟರಿನಾಕೆ ಸ್ವಲ್ಪ ಹೊತ್ತು ಪರದೆ ನೋಡಿ, ‘ಹಿಂದೆ ಒಮ್ಮೆ ಮೂರು ವಾರ ಬಂದಿದ್ದಾರಲ್ಲ, ಹೆಸರು ಇನ್ನೂ ಇಲ್ಲೇ ಇದೆ’ ಎಂದರು.